ಚಿತ್ರಕಾರ ಕೊರೋನ ‘ಇಟಲಿಯ ನೆನಪು’ ಹಿಡಿದುಕೊಂಡು ಎಂಟು ದಿನ

ದಿನ 1, ಪ್ಯಾರಿಸ್

ಸೇನ್ ನದಿಯ ಎಡದಂಡೆಯ ಒಂದು ಗಲ್ಲಿಯಲ್ಲಿ ಹಳೆಯ ಮುದ್ರಣಚಿತ್ರಗಳನ್ನಷ್ಟೇ ಮಾರುವ ಪುಟ್ಟ ಅಂಗಡಿ ಇದೆ. ಒಳಗೆ ಮೂರು ಜನ ನಿಂತರೆ ನಾಲ್ಕನೆಯವರು ಹೊರಗೆ ಕಾಯಬೇಕು. ಮಾಲೀಕರಿಗೆ ಮೊದಲೇ ಇಮೇಲ್ ಬರೆದಿದ್ದೆ. ಕೊಳ್ಳುವಷ್ಟು ದುಡ್ಡಿಲ್ಲ, ಒಮ್ಮೆ ಕಣ್ಣಾರೆ ನೋಡಬೇಕು ಅಷ್ಟೇ ಅಂತ. ಬನ್ನಿ ಅಂದಿದ್ದರು. ನಾನು ಮತ್ತು ಹೆಂಡತಿ ಬೆಳಿಗ್ಗೆ ಹನ್ನೊಂದಕ್ಕೆ ಹೋದೆವು. ಅವರು ದೊಡ್ಡ ಪೆಟ್ಟಿಗೆ ತೆಗೆದು, ಒಂದು ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲೆ ಇಟ್ಟರು.

ಹತ್ತೊಂಬತ್ತನೇ ಶತಮಾನದ ಫ್ರೆಂಚ್ ನಿಸರ್ಗ ಚಿತ್ರಕಾರ ಕಮೀಯ್ ಕೊರೋನ ‘ಸುವೆನಿರ್ ದಿತಾಲಿ’. 1863ರ ಎಚಿಂಗ್, ಅಂದರೆ ಲೋಹದ ತಗಡಿನ ಮೇಲೆ ಸೂಜಿಯಿಂದ ಗೀಚಿ, ಆ ಗೆರೆಗಳನ್ನು ಆಮ್ಲದಲ್ಲಿ ಕೊರೆಸಿ, ಶಾಯಿ ಬಳಿದು ಕಾಗದಕ್ಕೆ ಒತ್ತಿದ ಚಿತ್ರ. ಇಟಲಿಯ ನೆನಪು. ನಾವು ಸೊವೆನಿಯರ್ ಅಂದರೆ ಫ್ರಿಜ್ಜಿಗೆ ಅಂಟಿಸುವ ಬೊಂಬೆ ಅಂದುಕೊಂಡಿದ್ದೇವೆ, ಅಲ್ವಾ? ಫ್ರೆಂಚಿನಲ್ಲಿ ಅದು ಬರೀ ನೆನಪು.

ಚಿತ್ರ ಒಂದು ಎ4 ಹಾಳೆಯಷ್ಟಿದೆ. ಉದ್ದಕ್ಕೆ ನಿಲ್ಲಿಸಿದ ಹಾಳೆ, ಎತ್ತರದ ಮರಗಳು. ಎಲೆ ಅಂತ ಒಂದನ್ನೂ ಬಿಡಿಸಿಲ್ಲ. ಎಲೆ ಇರಬೇಕಾದಲ್ಲಿ ಗೀಚು. ಪುಟ್ಟ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟಾಗ ಸುತ್ತಿ ಸುತ್ತಿ ಗೀಚುತ್ತದಲ್ಲ, ಹಾಗೆ. ಆದರೆ ಒಂದು ಮಾರು ಹಿಂದೆ ಸರಿದು ನೋಡಿದರೆ ಆ ಗೀಚುಗಳ ನಡುವೆ ಗಾಳಿ ಓಡಾಡುತ್ತಿರುತ್ತದೆ, ಕಾಂಡಗಳ ಹಿಂದೆ ಸಂಜೆಯ ಬೆಳಕು ನಿಂತಿರುತ್ತದೆ, ಮತ್ತು ಆ ಬೆಳಕಿಗೆ ಅವನು ಏನೂ ಮಾಡಿಲ್ಲ, ಕಾಗದವನ್ನು ಖಾಲಿ ಬಿಟ್ಟಿದ್ದಾನೆ ಅಷ್ಟೇ. ಫೋಟೋದಲ್ಲಿ ಇದನ್ನು ನೂರು ಸಲ ನೋಡಿದ್ದೆ. ತಗಡಿನ ಅಂಚು ಕಾಗದದ ಮೇಲೆ ಒತ್ತಿದ ಗುರುತು ಮಾತ್ರ ಫೋಟೋದಲ್ಲಿ ಕಂಡಿರಲಿಲ್ಲ. ಮಾಲೀಕರು ಹಾಳೆಯನ್ನು ಕಿಟಕಿಯ ಕಡೆ ಓರೆ ಹಿಡಿದಾಗ ಅದು ಕಂಡಿತು. ಕಪ್ಪು ಗೆರೆಗಳೂ ಒಂದು ಕೂದಲೆಳೆ ಉಬ್ಬಿದ್ದವು.

ನನಗೆ ಮುದ್ರಣಚಿತ್ರಗಳ ಹುಚ್ಚು ಹಿಡಿದದ್ದು ಬೆಂಗಳೂರಿನ ಚಿತ್ರಗಳಿಂದ. ಕಾರ್ನ್‌ವಾಲಿಸ್‌ನ ಸೇನೆಯ ಜೊತೆ ಬಂದ ರಾಬರ್ಟ್ ಹೋಮ್ ಬರೆದ ಬೆಂಗಳೂರು ಕೋಟೆ, ಸಾವನದುರ್ಗ. ಅವು 1794ರಲ್ಲಿ ಅಚ್ಚಾದವು. ಅಲ್ಲಿ ಬಂಡೆ ಎಲ್ಲಿದೆ, ಗೋಡೆ ಎಲ್ಲಿದೆ ಅಂತ ಇವತ್ತೂ ಬೆರಳಿಟ್ಟು ತೋರಿಸಬಹುದು. ಕೊರೋನ ಹಾಳೆಯಲ್ಲಿ ಹಾಗೆ ಬೆರಳಿಡಲು ಏನೂ ಇಲ್ಲ. ಹಾಗಾದರೆ ಇದು ಯಾವ ಜಾಗದ ನೆನಪು? ಈ ಪ್ರವಾಸಕ್ಕೆ ಹೊರಡಲು ಇದ್ದ ಕಾರಣ ಇಷ್ಟೇ.

ಮಧ್ಯಾಹ್ನ ಲೂವ್ರ್‌ಗೆ ಹೋದೆವು. ಮೊನಾಲಿಸಾ ಕಡೆ ಹೋಗುವ ಜನಜಂಗುಳಿ ಬಿಟ್ಟು ಸುಲ್ಲಿ ಭಾಗದ ಎರಡನೇ ಮಹಡಿ ಹತ್ತಿದರೆ ಕೊರೋನ ಇಟಲಿ ಚಿತ್ರಗಳು ಸಿಗುತ್ತವೆ. 1826ರ ‘ನಾರ್ನಿಯ ಸೇತುವೆ’ ಮುಂದೆ ತುಂಬಾ ಹೊತ್ತು ನಿಂತೆವು. ಬಯಲಿನಲ್ಲೇ ಕೂತು ಕಾಗದದ ಮೇಲೆ ಎಣ್ಣೆಬಣ್ಣದಲ್ಲಿ ಬರೆದದ್ದು. 34 ಸೆಂಟಿಮೀಟರ್ ಎತ್ತರ, 48 ಅಗಲ. ಆಗ ಅವನಿಗೆ 30 ವರ್ಷ. ಎಚಿಂಗ್ ಮಾಡುವಾಗ 67. ಇಟಲಿಗೆ ಕೊನೆಯ ಸಲ ಹೋಗಿಬಂದು ಅಷ್ಟೊತ್ತಿಗೆ 20 ವರ್ಷ ಆಗಿತ್ತು.

ದಿನ 2, ವಿಲ್ ದಾವ್ರೇ

ಇಟಲಿಯ ಪ್ರವಾಸದಲ್ಲಿ ಪ್ಯಾರಿಸ್ ಪಕ್ಕದ ಊರು ಯಾಕೆ ಅಂತ ಹೆಂಡತಿ ಕೇಳಿದಳು. ಆ ಎಚಿಂಗ್ ಮಾಡಿದ ಕೈ ವರ್ಷ ವರ್ಷವೂ ಓಡಾಡುತ್ತಿದ್ದದ್ದು ಇಲ್ಲಿ, ಅದಕ್ಕೆ. ಕೊರೋನ ಅಪ್ಪ 1817ರಲ್ಲಿ ಇಲ್ಲೊಂದು ಮನೆ ಕೊಂಡಿದ್ದರು. ಪ್ಯಾರಿಸ್‌ನಲ್ಲಿ ಅವನ ಅಮ್ಮನದು ಹೆಂಗಸರ ಟೋಪಿಗಳ ಅಂಗಡಿ, ಒಳ್ಳೇ ವ್ಯಾಪಾರ. ಮಗ ಬಟ್ಟೆ ವ್ಯಾಪಾರ ಕಲಿಯಲಿ ಅಂತ ಕೆಲವು ವರ್ಷ ಕೂರಿಸಿದರು. ಅವನಿಗೆ ಒಗ್ಗಲಿಲ್ಲ.

ಸೇಂ ಲಾಜಾರ್ ನಿಲ್ದಾಣದಿಂದ ಲೋಕಲ್ ರೈಲು. ಇಳಿದು ಸ್ವಲ್ಪ ದೂರ ನಡೆದರೆ ಕೆರೆಗಳು. ಈಗ ಅವಕ್ಕೆ ಕೊರೋನ ಹೆಸರೇ ಇದೆ. ಅಕ್ಟೋಬರ್ ತಿಂಗಳು, ನೀರಿನ ಮೇಲೆ ತೆಳು ಮಂಜು. ದಡದ ಮರಗಳ ತುದಿ ಕರಗಿಹೋಗಿ, ಎಲ್ಲಿ ಮರ ಮುಗಿಯಿತು ಎಲ್ಲಿ ಆಕಾಶ ಶುರುವಾಯಿತು ಅಂತ ಹೇಳಲಿಕ್ಕಾಗದ ಹಾಗಿತ್ತು. ಮುಂಚಿನ ದಿನ ಕಂಡ ಗೀಚು ಇದೇ ಅನ್ನಿಸಿ ನಾನು ಅಲ್ಲೇ ನಿಂತುಬಿಟ್ಟೆ.

ಈ ಕೆರೆಯದೂ ಅವನದೊಂದು ಎಚಿಂಗ್ ಇದೆ, ದೋಣಿಯವನಿರುವ ಕೆರೆ, 1862ರದು. ಮರುವರ್ಷವೇ ‘ಇಟಲಿಯ ನೆನಪು’. ಅದೇ ಸೂಜಿ, ಅದೇ ಕೈ.

ದಡದಲ್ಲಿ ಒಂದು ಮರ ನೀರಿನ ಕಡೆ ಬಾಗಿ, ಅರ್ಧದಲ್ಲಿ ಮನಸ್ಸು ಬದಲಿಸಿದ ಹಾಗೆ ನೆಟ್ಟಗೆ ಮೇಲಕ್ಕೆ ಎದ್ದಿತ್ತು. ಮೊಣಕೈ ಊರಿ ಕೂತವರ ಥರ ಅಂದಳು ಹೆಂಡತಿ. ಅದರ ಫೋಟೋ ತೆಗೆದುಕೊಂಡಳು. ಬ್ರೆಡ್ಡು, ಚೀಸು ತಿಂದು ಸಂಜೆಯವರೆಗೂ ಅಲ್ಲೇ ಕೂತಿದ್ದೆವು.

ದಿನ 3, ರೋಮ್

ವಿಮಾನ, ಬಸ್ಸು, ಸುಸ್ತು. ಉಳಿದ ಜಾಗ ಸ್ಪ್ಯಾನಿಶ್ ಮೆಟ್ಟಿಲುಗಳಿಂದ ದೂರವಿಲ್ಲ. 1825ರ ಡಿಸೆಂಬರಿನಲ್ಲಿ ಕೊರೋ ಬಂದಿಳಿದದ್ದೂ ಈ ಕಡೆಯೇ. ಮನೆಯವರು ಖರ್ಚು ಕೊಡಲು ಒಪ್ಪಿದರು, ಆದರೆ ಹೊರಡುವ ಮುಂಚೆ ನಿನ್ನ ಚಿತ್ರ ನೀನೇ ಬರೆದು ಮನೆಯಲ್ಲಿ ಬಿಟ್ಟು ಹೋಗು ಅಂದರು. ಆ ಚಿತ್ರ ಈಗ ಲೂವ್ರ್‌ನಲ್ಲಿದೆ. ನನಗೆ ಈ ವಿಷಯ ತುಂಬಾ ಇಷ್ಟ. ಮಗನ ಮುಖ ಗೋಡೆಯ ಮೇಲಾದರೂ ಇರಲಿ ಅಂತ ಕೇಳಿದ ಅಪ್ಪ ಅಮ್ಮ.

ಆ ಕಾಲದಲ್ಲಿ ಫ್ರಾನ್ಸಿನ ನಿಸರ್ಗ ಚಿತ್ರಕಾರರಿಗೆ ಇಟಲಿಗೆ ಹೋಗಿಬರದೆ ಕಲಿಕೆ ಮುಗಿದ ಹಾಗಾಗುತ್ತಿರಲಿಲ್ಲ. 1817ರಲ್ಲಿ ಸರ್ಕಾರ ನಿಸರ್ಗ ಚಿತ್ರಕ್ಕೇ ಒಂದು ರೋಮ್ ಬಹುಮಾನ ಶುರು ಮಾಡಿತ್ತು. ಮೊದಲು ಗೆದ್ದವನು ಮಿಶಾಲೋಂ. ಅವನೇ ಕೊರೋನ ಮೊದಲ ಗುರು. ಇಬ್ಬರೂ ಒಂದೇ ವರ್ಷ ಹುಟ್ಟಿದವರು. ಕೆಲವೇ ತಿಂಗಳು ಕಲಿಸಿ, 1822ರಲ್ಲಿ, ಇನ್ನೂ 30 ತುಂಬುವ ಮೊದಲೇ ಮಿಶಾಲೋಂ ತೀರಿಕೊಂಡ. ರೋಮ್‌ಗೆ ಬಂದು ಬಿಸಿಲಿನಲ್ಲಿ ಕೂತು ಬರೆಯುವಾಗೆಲ್ಲ ಕೊರೋಗೆ ಅವನ ನೆನಪು ಬರುತ್ತಿರಲಿಲ್ಲವೇ?

ಸಂಜೆ ತ್ರೆವಿ ಕಾರಂಜಿ ನೋಡಿದೆವು. ಜನವೋ ಜನ. ಕಾರಂಜಿಯ ಬೆನ್ನಿಗಿರುವ ಅರಮನೆ ಇಟಲಿಯ ಮುದ್ರಣಕಲಾ ಸಂಸ್ಥೆಗೆ ಸೇರಿದ್ದು. ಹದಿನೆಂಟನೇ ಶತಮಾನದ ಎಚಿಂಗ್ ಕಲಾವಿದ ಪಿರನೇಸಿ ಕೆತ್ತಿದ ತಾಮ್ರದ ತಗಡುಗಳು ಆ ಸಂಸ್ಥೆಯಲ್ಲೇ ಇವೆ. ನಾಣ್ಯ ಎಸೆಯುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು! ಪಿರನೇಸಿಯ ಗೆರೆ ಕಲ್ಲು ಕಡಿದ ಹಾಗಿರುತ್ತದೆ, ಪ್ರತಿ ಇಟ್ಟಿಗೆಗೂ ಲೆಕ್ಕ. ಅದನ್ನು ನೋಡಿ ಬೆಳೆದ ಕಣ್ಣಿಗೆ ಕೊರೋನ ಗೀಚು ಮೊದಲಿಗೆ ಅಸಡ್ಡೆಯ ಕೆಲಸ ಅನ್ನಿಸಿರಬಹುದು.

ದಿನ 4, ಪಲಟೈನ್ ಗುಡ್ಡ

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಫರ್ನೀಸೆ ತೋಟದ ಅಂಚಿಗೆ ನಿಂತೆವು. 1826ರ ಮಾರ್ಚಿನಲ್ಲಿ ಕೊರೋ ಈ ತೋಟಕ್ಕೆ ಮತ್ತೆ ಮತ್ತೆ ಬಂದ. ಬೆಳಿಗ್ಗೆ ಒಂದು ಚಿತ್ರ, ಮಧ್ಯಾಹ್ನ ಇನ್ನೊಂದು ದಿಕ್ಕಿಗೆ ತಿರುಗಿ ಕೊಲೋಸಿಯಮ್, ಸಂಜೆ ಹಳೇ ರೋಮ್‌ನ ಚೌಕವಾದ ಫೋರಮ್. ಬೆಳಕು ಬದಲಾದ ಕೂಡಲೇ ಚಿತ್ರ ಬದಲು. ನಿನ್ನೆಯ ಬೆಳಕು ನಾಳೆ ಅದೇ ಹೊತ್ತಿಗೆ ಬರುತ್ತದೆ ಅಂತ ಕಾಯುವ ತಾಳ್ಮೆ. ಗೆಳೆಯ ಅಲಿನ್ಯಿ ಇಲ್ಲಿಗೆ ಬಂದು ಕೊಲೋಸಿಯಮ್ ಚಿತ್ರ ನೋಡಿ, ಎಲ್ಲ ಚಿತ್ರಕಾರರ ಮುಂದೆ ಹೊಗಳಿದನಂತೆ. ಅಲ್ಲಿಯತನಕ ಕೊರೋನನ್ನು ಯಾರೂ ಅಷ್ಟು ಲೆಕ್ಕಕ್ಕೆ ಇಟ್ಟಿರಲಿಲ್ಲ. ಕೊಲೋಸಿಯಮ್ ಮತ್ತು ಫೋರಮ್ ಚಿತ್ರಗಳನ್ನು ಅವನು ಸಾಯುವವರೆಗೂ ಮಾರಲಿಲ್ಲ, ಲೂವ್ರ್‌ಗೆ ಬರೆದಿಟ್ಟ. ಮೊನ್ನೆ ನಾವು ಅವನ್ನೂ ನೋಡಿದ್ದೆವು.

ಫೋನಿನಲ್ಲಿ ಚಿತ್ರ ತೆಗೆದು ಎದುರಿಗೆ ಹಿಡಿದೆ. ಕೊಲೋಸಿಯಮ್ ಅಲ್ಲೇ ಇದೆ. ಫೋರಮ್ ಮಾತ್ರ ಬೇರೆ. ಅವನ ಕಾಲಕ್ಕೆ ಅದರ ಬಹುಭಾಗ ಇನ್ನೂ ಮಣ್ಣಿನಡಿಯಲ್ಲಿತ್ತು. ದನ ಮೇಯುವ ಬಯಲು, ಹೆಸರೇ ಕಾಂಪೋ ವಚ್ಚೀನೋ, ಹಸುಗಳ ಹೊಲ. ಅದಾದ ಮೇಲೆ ಅಗೆದು ಅಗೆದು ನೆಲವೇ ಕೆಳಗಿಳಿದಿದೆ. ಸಂಜೆ ಐದರ ಹೊತ್ತಿಗೆ ಇಟ್ಟಿಗೆ ಗೋಡೆಗಳು ಜೇನಿನ ಬಣ್ಣಕ್ಕೆ ತಿರುಗಿದವು. ನನಗೆ ಆ ಚಿತ್ರದ ಸಂಜೆ ಸಿಕ್ಕಿತು. ಎಚಿಂಗಿನದು ಸಿಗಲಿಲ್ಲ.

ದಿನ 5, ಚಿವಿತಾ ಕಾಸ್ತೆಲ್ಲಾನಾ

ರೋಮ್‌ನಿಂದ ಉತ್ತರಕ್ಕೆ. 1826 ಮತ್ತು 1827ರಲ್ಲಿ ಕೊರೋ ಇಲ್ಲಿ ವಾರಗಟ್ಟಲೆ ಇದ್ದ. ಊರು ಕೆಂಪು ಮೆದುಗಲ್ಲಿನ ದಿಬ್ಬದ ಮೇಲಿದೆ, ಸುತ್ತಲೂ ಕಂದರ, ಕೆಳಗೆ ತ್ರೆಯಾ ನದಿ. ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ ಎದೆ ಝಲ್ ಅನ್ನುತ್ತದೆ. ಬಂಡೆಯ ಗೋಡೆ ನೆಟ್ಟಗೆ ಇಳಿದಿದೆ, ಅದರ ಬಿರುಕಿನಲ್ಲೇ ಮರಗಳು ಬೇರು ಬಿಟ್ಟಿವೆ. ದೂರದಲ್ಲಿ ಒಂಟಿಯಾಗಿ ಸೊರಾತ್ತೆ ಬೆಟ್ಟ.

ಇಲ್ಲಿ ಅವನು ಮಾಡಿದ ಪೆನ್ಸಿಲ್, ಪೆನ್ನಿನ ಚಿತ್ರಗಳನ್ನು ನೋಡಿದರೆ ಅಚ್ಚರಿ ಆಗುತ್ತದೆ. ಬಂಡೆಯ ಒಂದೊಂದು ಸೀಳು, ಬೇರಿನ ಒಂದೊಂದು ತಿರುವು, ಎಲ್ಲವೂ ಚೂಪು. ಗೀಚು ಅನ್ನುವುದೇ ಇಲ್ಲ. ಅಂದರೆ ಅವನಿಗೆ ನಿಖರವಾಗಿ ಬರೆಯಲು ಬರುತ್ತಿರಲಿಲ್ಲ ಅಂತಲ್ಲ. ಮೊದಲು ಅಷ್ಟು ಬರೆದು, ಆಮೇಲೆ 35 ವರ್ಷ ಬಿಟ್ಟು, ಬೇಡದ್ದನ್ನೆಲ್ಲ ಕಳೆದುಕೊಂಡ ಮೇಲೆ ಆ ಗೀಚು ಬಂದದ್ದು. ಇದು ನನಗೆ ಹೊಳೆದದ್ದು ಕಂದರಕ್ಕೆ ಇಳಿಯುವ ಜಾರು ದಾರಿಯಲ್ಲಿ, ಒಂದು ಬೇರು ಹಿಡಿದುಕೊಂಡು ನಿಂತಿದ್ದಾಗ.

ವಾಪಸು ಬರುವಾಗ ಬಸ್ಸು ಬರಲೇ ಇಲ್ಲ. ಒಂದೂವರೆ ಗಂಟೆ ರಸ್ತೆ ಬದಿ ನಿಂತೆವು. ಪಕ್ಕದ ಮನೆಯ ಅಜ್ಜಿ ಎರಡು ಕುರ್ಚಿ ತಂದು ಹಾಕಿದರು. ಅವರಿಗೆ ಇಂಗ್ಲಿಷ್ ಬಾರದು, ನಮಗೆ ಇಟಾಲಿಯನ್ ಬಾರದು. ಸೊರಾತ್ತೆ ಬೆಟ್ಟ ಕಪ್ಪಾಗುವವರೆಗೆ ಮೂವರೂ ಅದನ್ನೇ ನೋಡುತ್ತಾ ಕೂತಿದ್ದೆವು.

ದಿನ 6, ನಾರ್ನಿ

ರೈಲು ಇಳಿದರೆ ಕೈಗಾರಿಕೆಯ ಊರು. ಹಳೇ ನಾರ್ನಿ ಗುಡ್ಡದ ಮೇಲಿದೆ. ಸೇತುವೆ ಕೆಳಗೆ, ನೇರಾ ನದಿಗೆ. ಅಗಸ್ಟಸ್ ಚಕ್ರವರ್ತಿಯ ಕಾಲದ್ದು, ಎರಡು ಸಾವಿರ ವರ್ಷ ಹಳೆಯದು. ಈಗ ಪೂರ್ತಿ ಉಳಿದಿರುವುದು ಒಂದೇ ಕಮಾನು, ಸುಮಾರು 30 ಮೀಟರ್ ಎತ್ತರ. ಕೊರೋ ನೋಡಿದಾಗಲೇ ಮುರಿದಿತ್ತು. ಬುಡದಲ್ಲಿ ನಿಂತು ತಲೆ ಎತ್ತಿದಾಗ ನಾವಿಬ್ಬರೂ ಮಾತು ನಿಲ್ಲಿಸಿದೆವು.

ಈ ಸೇತುವೆಯನ್ನು ಅವನು ಎರಡು ಸಲ ಬರೆದಿದ್ದಾನೆ. ಲೂವ್ರ್‌ನಲ್ಲಿ ನೋಡಿದ್ದು ಮೊದಲನೆಯದು, ಇಲ್ಲೇ ಕೂತು ಬರೆದದ್ದು. ಎರಡನೆಯದು ಪ್ಯಾರಿಸ್‌ನ 1827ರ ಸಲೋನ್ ಪ್ರದರ್ಶನಕ್ಕೆ ಅಂತ ಮಾಡಿದ ದೊಡ್ಡ ಚಿತ್ರ. ಉದ್ದ ಅಗಲ ಎರಡೂ ದುಪ್ಪಟ್ಟು. ಅದು ಈಗ ಕೆನಡಾದ ಒಟ್ಟಾವಾದಲ್ಲಿದೆ, ನಾನು ಪುಸ್ತಕದಲ್ಲಷ್ಟೇ ಕಂಡಿದ್ದೇನೆ. ಮೊದಲನೆಯದರಲ್ಲಿ ಎದುರಿಗೆ ಬರೀ ಒರಟು ಮಣ್ಣು. ಎರಡನೆಯದರಲ್ಲಿ ಆ ಜಾಗಕ್ಕೆ ಒಂದು ಒಳ್ಳೇ ದಾರಿ ಬಂದಿದೆ, ಕುರಿ ಕಾಯುವವರು ಬಂದಿದ್ದಾರೆ, ಕೊಡೆಯಂಥ ಪೈನ್ ಮರಗಳು ಎದ್ದಿವೆ. ಸಲೋನ್‌ನವರು ಬಯಸುತ್ತಿದ್ದ ಇಟಲಿ ಅದು. ಅದು ಚೆನ್ನಾಗಿಯೇ ಇದೆ. ಆದರೆ ನನಗೆ ಮೊದಲನೆಯದೇ ಜಾಸ್ತಿ ಇಷ್ಟ. ಯಾರಿಗೋ ತೋರಿಸಬೇಕು ಅನ್ನುವ ಯೋಚನೆ ಅದರಲ್ಲಿಲ್ಲ.

ಹಾಗೆ ನೋಡಿದರೆ ಎಚಿಂಗ್ ಮೂರನೆಯ ಬಗೆ. ಎದುರಿಗೆ ಕೂತು ಬರೆದದ್ದೂ ಅಲ್ಲ, ಪ್ರದರ್ಶನಕ್ಕೆ ಅಂತ ಜೋಡಿಸಿದ್ದೂ ಅಲ್ಲ. 1862ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಕದಾರ್ ಎಂಬ ಪ್ರಕಾಶಕ ಎಚಿಂಗ್ ಮಾಡುವ ಕಲಾವಿದರ ಒಂದು ಸಂಘ ಕಟ್ಟಿದ. ಮುದ್ರಣಕಾರ ಒಗ್ಯುಸ್ತ್ ದೆಲಾತ್ರ್ ಜೊತೆಗಿದ್ದ. ಮರೆತುಹೋಗುತ್ತಿದ್ದ ಕಲೆಗೆ ಮತ್ತೆ ಉಸಿರು ಬಂತು. ಕೊರೋನೂ ಸೂಜಿ ಹಿಡಿದ. ಅವನ ಬದುಕಿನಲ್ಲಿ ಮಾಡಿದ ಎಚಿಂಗುಗಳು ಹದಿನೈದರ ಆಸುಪಾಸು, ಅಷ್ಟೇ. ಗೆರೆ ಎಳೆಯುವುದು ಅವನಿಗೆ ಖುಷಿ, ಆಮ್ಲದ ಕೆಲಸ ಅಷ್ಟಾಗಿ ಒಗ್ಗಲಿಲ್ಲ. ಸುಮಾರು 1845ರಲ್ಲಿ ಗೀಚಿದ ‘ಟಸ್ಕನಿಯ ನೆನಪು’ ತಗಡು ವರ್ಷಗಟ್ಟಲೆ ಸುಮ್ನೆ ಬಿದ್ದಿತ್ತು. ಆಮೇಲೆ ಗೆಳೆಯ ಫೆಲಿಕ್ಸ್ ಬ್ರಾಕ್ಮೊಂ ಅದನ್ನು ಆಮ್ಲಕ್ಕಿಳಿಸಿದ. ಅದು ಪ್ರಕಟವಾದದ್ದು 1875ರಲ್ಲಿ. ಆ ವರ್ಷದ ಫೆಬ್ರವರಿಯಲ್ಲೇ ಕೊರೋ ತೀರಿಕೊಂಡಿದ್ದ.

ದಿನ 7, ನೇಮಿ

ರೋಮ್‌ನ ತೆಂಕಣ ಬೆಟ್ಟಗಳಿಗೆ. 1843ರ ಕೊನೆಯ ಪ್ರವಾಸದಲ್ಲಿ ಕೊರೋ ಈ ಸುತ್ತಿನಲ್ಲಿ ಓಡಾಡಿದ್ದ. ಜೆನ್ಜಾನೋದಿಂದ ಕೆಳಗೆ ನೇಮಿ ಸರೋವರ ಕಾಣುತ್ತದೆ. ಆರಿಹೋದ ಜ್ವಾಲಾಮುಖಿಯ ಬಾಯಿಯಲ್ಲಿ ನಿಂತ ನೀರು. ಸುತ್ತ ದಟ್ಟ ಕಾಡಿನ ಇಳಿಜಾರು, ಗಾಳಿ ಇಳಿಯುವುದೇ ಕಷ್ಟ, ಹಾಗಾಗಿ ನೀರು ಕನ್ನಡಿಯಂತೆ. ರೋಮನ್ನರು ಇದನ್ನು ಡಯಾನಾ ದೇವಿಯ ಕನ್ನಡಿ ಅಂತಲೇ ಕರೆದಿದ್ದರು. ಎದುರು ದಂಡೆಯ ಮೇಲೆ ನೇಮಿ ಊರು, ಅದಕ್ಕೊಂದು ದುಂಡನೆಯ ಗೋಪುರ. ಕಾಡು ಸ್ಟ್ರಾಬೆರಿಗೆ ಹೆಸರಾದ ಊರು. ಹಣ್ಣಿನ ಹಬ್ಬ ಜೂನ್‌ನಲ್ಲಿ, ನಮಗೆ ಸಿಕ್ಕಿದ್ದು ಜಾಮ್. ಅದೂ ತುಂಬಾ ಚೆನ್ನಾಗಿತ್ತು.

ನಾನು ಇಡೀ ಮಧ್ಯಾಹ್ನ ಏನೂ ಬರೆಯಲಿಲ್ಲ, ಫೋಟೋನೂ ತೆಗೆಯಲಿಲ್ಲ. ಮರುದಿನ ರೋಮ್‌ನಲ್ಲಿ ಒಂದು ಎಚಿಂಗ್ ಶಾಲೆಯಲ್ಲಿ ಒಂದು ದಿನದ ಪಾಠಕ್ಕೆ ದುಡ್ಡು ಕಟ್ಟಿದ್ದೆ. ಅಲ್ಲಿ ನೇಮಿಯನ್ನು ನೆನಪಿನಿಂದಲೇ ಬರೆಯಬೇಕು ಅಂತ ಆಸೆ. ಅದಕ್ಕೇ ಕಣ್ಣು ತುಂಬಾ ನೋಡಿದೆ. ನೀರು ಎಡಕ್ಕೆ, ಗೋಪುರ ದೂರದಲ್ಲಿ ಬಲಕ್ಕೆ. ಎದುರಿಗೆ ನೆಟ್ಟಗಿನ ಚೆಸ್ಟ್‌ನಟ್ ಮರಗಳು, ನಡುವೆ ಬೆಳಕು. ಬಾಯಿಪಾಠ ಮಾಡುವ ಹುಡುಗನ ಹಾಗೆ ಮತ್ತೆ ಮತ್ತೆ ಕಣ್ಣು ಮುಚ್ಚಿ ತೆರೆದು ನೋಡಿದೆ.

ದಿನ 8, ಮತ್ತೆ ರೋಮ್

ನದಿಯಾಚೆ ತ್ರಸ್ತೆವೆರೆಯ ಒಂದು ಹಳೇ ಮನೆಯ ಕೆಳಮಹಡಿ. ಶಾಯಿ, ಎಣ್ಣೆ, ಮೇಣದ ವಾಸನೆ. ಕಲಿಸುವಾಕೆ ನನ್ನ ಕೈಗೆ ಅಂಗೈಗಿಂತ ಸ್ವಲ್ಪ ದೊಡ್ಡ ತಾಮ್ರದ ತಗಡು ಕೊಟ್ಟರು. ಬಿಸಿ ಮಾಡಿ ಅದರ ಮೇಲೆ ಮೇಣ, ರಾಳ ಸೇರಿದ ತೆಳು ಲೇಪ. ಆಮೇಲೆ ಅದನ್ನು ತಲೆಕೆಳಗು ಹಿಡಿದು ಕೆಳಗಿನಿಂದ ಮೇಣದ ಬತ್ತಿಯ ಹೊಗೆ. ಲೇಪ ಮಸಿಯಂತೆ ಕಪ್ಪಾಯಿತು. ಈಗ ಸೂಜಿ.

ಸೂಜಿ ಎಲ್ಲಿ ಹರಿಯುತ್ತದೋ ಅಲ್ಲಿ ಲೇಪ ಕಿತ್ತು ತಾಮ್ರ ಮಿನುಗುತ್ತದೆ. ಕಪ್ಪಿನ ಮೇಲೆ ಹೊಂಬಣ್ಣದ ಗೆರೆ. ನೀವು ಬೆಳಕಿನಿಂದ ಬರೆಯುತ್ತಿದ್ದೀರಿ, ಆದರೆ ಕಾಗದದ ಮೇಲೆ ಅದೇ ಗೆರೆ ಕಪ್ಪಾಗುತ್ತದೆ, ಅದೂ ಎಡ ಬಲ ತಿರುಗಿ. ಮೇಣದ ಮೇಲೆ ಸೂಜಿಗೆ ತಡೆಯೇ ಇಲ್ಲ. ಪೆನ್ಸಿಲ್ಲಿಗೆ ಕಾಗದ ಸ್ವಲ್ಪ ಎದುರು ನಿಲ್ಲುತ್ತದೆ, ಇಲ್ಲಿ ಅದೂ ಇಲ್ಲ, ಕೈ ತಾನಾಗಿ ಸುತ್ತತೊಡಗುತ್ತದೆ. ಕೊರೋನ ಗೀಚು ಎಲ್ಲಿಂದ ಬಂತು ಅಂತ ಬೆರಳಿಗೆ ಗೊತ್ತಾಯಿತು. ಎಲೆ ಬಿಡಿಸಬೇಕು ಅಂತ ನಾನು ಶುರು ಮಾಡಿದ್ದೆ, ಐದು ನಿಮಿಷದಲ್ಲಿ ನನ್ನ ಸೂಜಿಯೂ ಸುತ್ತುತ್ತಿತ್ತು.

ಹಿಂದೆ ತಗಡನ್ನು ನೈಟ್ರಿಕ್ ಆಮ್ಲಕ್ಕೆ ಇಳಿಸುತ್ತಿದ್ದರು. ಇಲ್ಲಿ ಫೆರಿಕ್ ಕ್ಲೋರೈಡ್, ಕಾಫಿ ಡಿಕಾಕ್ಷನ್ ಬಣ್ಣದ ದ್ರಾವಣ, ಅಷ್ಟು ಅಪಾಯವಿಲ್ಲ. ಹತ್ತು ನಿಮಿಷಕ್ಕೆ ಹೊರ ತೆಗೆದು, ದೂರದ ಗೋಪುರದ ಮೇಲೆ ವಾರ್ನಿಶ್ ಬಳಿದು ಮುಚ್ಚಿದೆವು. ಇನ್ನು ಅದನ್ನು ಆಮ್ಲ ತಿನ್ನುವುದಿಲ್ಲ, ಗೆರೆ ತೆಳುವಾಗೇ ಉಳಿಯುತ್ತದೆ. ಹತ್ತಿರದ ಮರಗಳು ಇನ್ನೂ ಅರ್ಧ ಗಂಟೆ ಒಳಗೆ. ಆಳ ಜಾಸ್ತಿ ಆದಷ್ಟೂ ಕಪ್ಪು ಜಾಸ್ತಿ. ದೂರ ಮತ್ತು ಹತ್ತಿರವನ್ನು ಇಲ್ಲಿ ಗಡಿಯಾರ ನೋಡಿ ಮಾಡುತ್ತಾರೆ. ಇದನ್ನು ಬ್ರಾಕ್ಮೊಂ ಥರದ ಗೆಳೆಯರ ಕೈಗೆ ಬಿಟ್ಟ ಕೊರೋನನ್ನು ನೆನೆದೆ. ನೆನಪು ಒಬ್ಬನದು, ಅದರ ಆಳ ಅಳೆದವನು ಇನ್ನೊಬ್ಬ.

ಲೇಪ ಒರೆಸಿ, ಶಾಯಿ ಬಳಿದು, ಗಂಜಿ ಹಾಕಿದ ತೆಳು ಬಟ್ಟೆಯಲ್ಲಿ ಉಜ್ಜಿ, ಕೊನೆಗೆ ಬರೀ ಅಂಗೈಯಿಂದ ಒರೆಸಿದರು. ಒದ್ದೆ ಕಾಗದ, ಅದರ ಮೇಲೆ ಉಣ್ಣೆಯ ದಪ್ಪ ಬಟ್ಟೆ. ನಾನೇ ಯಂತ್ರದ ಚಕ್ರ ತಿರುಗಿಸಿದೆ. ಆಕೆ ಕಾಗದದ ಒಂದು ಮೂಲೆ ಹಿಡಿದು ನಿಧಾನ ಎತ್ತಿದರು.

ಗೋಪುರ ಎಡಕ್ಕೆ ಹೋಗಿತ್ತು, ನೀರು ಬಲಕ್ಕೆ. ಅದು ಗೊತ್ತಿದ್ದದ್ದೇ. ಮಧ್ಯಾಹ್ನ ಪೂರ್ತಿ ಹೊರಗೆ ಸುತ್ತಿ ಬಂದ ಹೆಂಡತಿ ಹಾಳೆಯನ್ನು ಬಗ್ಗಿ ನೋಡಿದಳು. ನೇಮಿ ಅಂದೆ. ಅವಳು ಎದುರಿನ ಮರದ ಮೇಲೆ, ಮುಟ್ಟದ ಹಾಗೆ ಬೆರಳು ಹಿಡಿದಳು. ಕಾಂಡ ನೀರಿನ ಕಡೆ ಬಾಗಿ, ಅರ್ಧದಲ್ಲಿ ನೆಟ್ಟಗೆ ಮೇಲಕ್ಕೆದ್ದಿತ್ತು.

“ಇದು ಆ ಕೆರೆ ಮರ ಅಲ್ವಾ? ಮೊಣಕೈ ಊರಿದ್ದು?”

ಫೋನ್ ತೆಗೆದು ಎರಡನೇ ದಿನದ ಫೋಟೋ ಪಕ್ಕದಲ್ಲಿ ಹಿಡಿದಳು. ಬಾಗಿದ ದಿಕ್ಕು ಒಂದೇ ಉಲ್ಟಾ. ಗೀಚುವಾಗ ನನಗೆ ಅದು ಗೊತ್ತೇ ಆಗಿರಲಿಲ್ಲ, ನೇಮಿಯ ಚೆಸ್ಟ್‌ನಟ್ ಮರವನ್ನೇ ಬರೆಯುತ್ತಿದ್ದೇನೆ ಅಂದುಕೊಂಡಿದ್ದೆ. ತಗಡು ಇನ್ನೂ ಬೆಚ್ಚಗಿತ್ತು. ಇನ್ನೆರಡು ಪ್ರತಿ ತೆಗೆಯಬಹುದಾ ಅಂತ ಆಕೆಯನ್ನು ಕೇಳಿದೆ.